ಅರ್ಧ ದರದ ಟಿಕೆಟ್

ಮಠದಲ್ಲಿ ಓದುತ್ತಿದ್ದ ದಿನಗಳಿಂದಲೂ ಕ್ಯಾತ್ಸಂದ್ರದ ರೈಲು ನಿಲ್ದಾಣದೊಡನೆ ನಮಗೆ ನಂಟುಂಟು. ಸಿದ್ಧಗಂಗೆಗೆ ಓದಲು ಬರುವ ಹುಡುಗರು ತಗಡಿನ ಪೆಟ್ಟಿಗೆ ಹೊತ್ತು ಇಳಿಯುತ್ತಿದ್ದುದು ಅಲ್ಲಿಯೇ. ಈಗಲೂ ಬೆಂಗಳೂರಿಗೆ ಹೋಗಬೇಕಾದಾಗ ನಾವು ಪ್ಯಾಸೆಂಜರ್ ಗಾಡಿಯನ್ನೇ ಹತ್ತುತ್ತೇವೆ. ಹಿರೇಹಳ್ಳಿ, ದಾಬಸ್‌ಪೇಟೆ, ನಿಡವಂದಗಳಲ್ಲಿ ನಿಂತು ಸಾಗುವ ಆ ಗಾಡಿಯಲ್ಲಿ ಬುತ್ತಿಯ ಡಬ್ಬಿ ಹಿಡಿದ ಕಾಯಕಜೀವಿಗಳೇ ಹೆಚ್ಚು. ಚಿಕ್ಕಬಾಣಾವರದಲ್ಲಿ ಇಳಿದು ಅವರು ಪೀಣ್ಯದ ಕಾರ್ಖಾನೆಗಳ ಕಡೆಗೆ ಚದುರುತ್ತಾರೆ.

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಮಹಾಮಾರಿಯ ದೆಸೆಯಿಂದ ದೇಶದ ಪ್ರಯಾಣಿಕರ ಗಾಡಿಗಳೆಲ್ಲ ನಿಂತುದನ್ನು ವಾಚಕರು ಮರೆತಿರಲಾರರು. ಮತ್ತೆ ಓಡತೊಡಗಿದಾಗ ಅವು 'ವಿಶೇಷ' ಎಂಬ ಹೆಸರು ಹೊತ್ತು ಬಂದವು. ಹಳಿ ಅದೇ, ನಿಲ್ಲುವ ಊರುಗಳೂ ಅವೇ. ದರ ಮಾತ್ರ ಎಕ್ಸ್‌ಪ್ರೆಸ್ ಗಾಡಿಯದು. 10 ರೂಪಾಯಿ ಇದ್ದ ಕನಿಷ್ಠ ದರ 30 ರೂಪಾಯಿ ಆಯಿತು. ಮೊದಮೊದಲು ತಿಂಗಳ ಪಾಸೂ ನಡೆಯಲಿಲ್ಲ.

ಪೀಣ್ಯದಲ್ಲಿ ಲೇತ್ ಯಂತ್ರದ ಮೇಲೆ ದುಡಿಯುವ ತರುಣನೊಬ್ಬ ಆಗ ನಮ್ಮ ಪಕ್ಕದಲ್ಲಿ ಕುಳಿತಿದ್ದ. "ಗುರುಗಳೇ, ಹೋಗೋಕೆ 30, ಬರೋಕೆ 30. ತಿಂಗಳಿಗೆ 26 ದಿನ, ನೀವೇ ಲೆಕ್ಕ ಹಾಕಿ" ಎಂದ. 520 ರೂಪಾಯಿಯಲ್ಲಿ ಮುಗಿಯುತ್ತಿದ್ದುದು 1560ಕ್ಕೆ ಏರಿತ್ತು. ಕೆಲವು ದಿನಗಳ ಬಳಿಕ ಅವನು ಗಾಡಿಯಲ್ಲಿ ಕಾಣಲಿಲ್ಲ. ಗೆಳೆಯನ ಬೈಕಿನ ಹಿಂದೆ ಕುಳಿತು, ಹೆದ್ದಾರಿಯ ಲಾರಿಗಳ ನಡುವೆ ಹೋಗಿಬರುತ್ತಿದ್ದಾನೆಂದು ಅವನ ಜೊತೆಗಾರರು ತಿಳಿಸಿದರು. ರಾತ್ರಿ ಪಾಳಿ ಮುಗಿಸಿ ಅವನು ಮನೆ ಸೇರುವವರೆಗೂ ಆ ಮನೆಯ ಹೆಣ್ಣುಮಗಳಿಗೆ ನಿದ್ರೆ ಎಲ್ಲಿಯದು? 2024ರ ಫೆಬ್ರವರಿಯಲ್ಲಿ ಹಳೆಯ ದರ ಮರಳಿತು. ಆ ತರುಣನೂ ಮರಳಿದ. ಅವನನ್ನು ಕಂಡು ನಮಗಾದ ಸಮಾಧಾನ ಅಷ್ಟಿಷ್ಟಲ್ಲ.

ಆದರೆ ಹಿರಿಯರ ರಿಯಾಯಿತಿ ಮರಳಲಿಲ್ಲ. ಅರವತ್ತು ತುಂಬಿದ ಗಂಡಸರಿಗೆ ಶೇಕಡ 40, ಐವತ್ತೆಂಟು ತುಂಬಿದ ಹೆಂಗಸರಿಗೆ ಶೇಕಡ 50ರಷ್ಟು ದರ ಕಡಿಮೆಯಿತ್ತು. ವೃದ್ಧರು ಅನವಶ್ಯಕವಾಗಿ ಪ್ರಯಾಣ ಮಾಡದಿರಲೆಂದು 2020ರ ಮಾರ್ಚ್ 20ರಿಂದ ಅದನ್ನು ತಡೆಹಿಡಿದರು. ರೋಗದ ಆ ದಿನಗಳಲ್ಲಿ ಅದು ವಿವೇಕದ ಕ್ರಮವೇ. ನಮಗೆ ಅರವತ್ತು ತುಂಬಿದ್ದು ಅದೇ ವರ್ಷದ ಶ್ರಾವಣದಲ್ಲಿ. ಹೀಗಾಗಿ ಆ ಸವಲತ್ತನ್ನು ನಾವು ಒಂದು ದಿನವೂ ಉಣ್ಣಲಿಲ್ಲ. ಅದಕ್ಕಾಗಿ ವ್ಯಥೆಯಿಲ್ಲ, ನಮ್ಮ ಓಡಾಟಕ್ಕೆ ಭಕ್ತರ ಮನೆಗಳುಂಟು. ಎಲ್ಲ ಪ್ರಯಾಣಿಕರೂ ವೆಚ್ಚಕ್ಕಿಂತ ಕಡಿಮೆ ದರದಲ್ಲಿಯೇ ಪ್ರಯಾಣ ಮಾಡುತ್ತಾರೆಂದು ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಲೆಕ್ಕ ಸರಿಯೇ ಇರಬಹುದು. ಆದರೆ ವ್ಯಾಧಿ ಹೋದ ಮೇಲೆಯೂ ಪಥ್ಯವನ್ನು ಮುದುಕರ ಮೇಲೆ ಉಳಿಸಿದ್ದು ನಮ್ಮ ಮನಸ್ಸಿಗೆ ಒಪ್ಪಲಿಲ್ಲ.

ನಮ್ಮ ಅಕ್ಕನವರು ತಿಪಟೂರಿನಲ್ಲಿದ್ದಾರೆ. ಅವರ ಮಗಳ ಮನೆ ವೈಟ್‌ಫೀಲ್ಡಿನಲ್ಲಿ. ಅಳಿಯ ಕಂಪ್ಯೂಟರ್ ಕಂಪನಿಯಲ್ಲಿದ್ದಾನೆ. ಮೊದಲು ವರ್ಷಕ್ಕೆ ಮೂರು ನಾಲ್ಕು ಸಲ ಅರ್ಧ ದರದಲ್ಲಿ ಎಕ್ಸ್‌ಪ್ರೆಸ್ ಗಾಡಿ ಹತ್ತಿ, ಕೊಬ್ಬರಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ ಮೊಮ್ಮಗನನ್ನು ನೋಡಿಬರುತ್ತಿದ್ದರು. ಈಗ ದೀಪಾವಳಿಗೊಮ್ಮೆ ಹೋದರೆ ಹೆಚ್ಚು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲವಲ್ಲ ಎಂದು ನಾವು ಕೇಳಿದ್ದೆವು. "ಸಕ್ಕರೆ ಕಾಯಿಲೆಯವಳು ಕಣಪ್ಪಾ ನಾನು. ಬಸ್ಸನ್ನ ಎಷ್ಟು ಸಲ ನಿಲ್ಲಿಸು ಅನ್ನಲಿ? ರೈಲಲ್ಲಾದರೆ ಎದ್ದು ಹೋಗಿ ಬರಬಹುದು" ಎಂದರು. ನಮಗೆ ಆ ವಿಷಯ ಹೊಳೆದೇ ಇರಲಿಲ್ಲ. ಅಳಿಯನನ್ನು ಹಣ ಕೇಳುವುದು ಅವರ ಜಾಯಮಾನವಲ್ಲ.

ಮುಂದಿನ ತಿಂಗಳು ಮೊಮ್ಮಗನ ಹುಟ್ಟುಹಬ್ಬ. ಟಿಕೆಟ್ ನಾವೇ ಕೊಂಡು ಕಳುಹಿಸಿದ್ದೇವೆ. ರಿಯಾಯಿತಿ ಮತ್ತೆ ಬಂದಿದೆ, ಅರ್ಧ ಹಣ ಕೊಟ್ಟರೆ ಸಾಕೆಂದು ಹೇಳಿ ಅಷ್ಟನ್ನೇ ಪಡೆದೆವು. ಅಕ್ಷರ ಸಣ್ಣದು, ಅವರ ಕಣ್ಣಿಗೆ ಕಾಣದು. ನುಡಿದಂತೆ ನಡೆಯಬೇಕೆಂದು ಊರೂರಲ್ಲಿ ಉಪನ್ಯಾಸ ಮಾಡುವ ನಮ್ಮ ಬಾಯಲ್ಲಿ ಬಂದ ಸುಳ್ಳು ಇದು. ಈ ಪತ್ರಿಕೆ ಅಕ್ಕನ ಮನೆಗೂ ಹೋಗುತ್ತದೆ. ಅವರಿಗೆ ಓದಿ ಹೇಳುವ ಸೊಸೆ ಈ ಪುಟವನ್ನು ದಾಟಿಸಿ ಓದಬೇಕೆಂದು ಬೇಡುತ್ತೇವೆ.