ಹುಬ್ಬಳ್ಳಿಯಿಂದ ಬಾಗಲಕೋಟೆಗೆ: ಒಂದು ಬೇಸಿಗೆಯ ಪ್ರಯಾಣ

ಹುಬ್ಬಳ್ಳಿಯಿಂದ ನವಲಗುಂದ, ನರಗುಂದಗಳ ಮಾರ್ಗವಾಗಿ ಬಾಗಲಕೋಟೆಗೆ ಹೋಗುವವರಿಗೆ ಮಳೆಗಾಲದಲ್ಲಿ ಕಾಣುವ ನೆಲವೇ ಬೇರೆ, ವೈಶಾಖದಲ್ಲಿ ಕಾಣುವ ನೆಲವೇ ಬೇರೆ. ಬೇಸಿಗೆಯಲ್ಲಿ ಎರೆಭೂಮಿ ಬಿರುಕುಬಿಟ್ಟು ಮಲಗಿರುತ್ತದೆ. ಜಮಖಾನೆಗೆ ಹೆಸರಾದ ನವಲಗುಂದ, 1858ರ ಬಂಡಾಯದ ಬಾಬಾಸಾಹೇಬನ ನೆನಪನ್ನು ಹೊತ್ತ ನರಗುಂದದ ಗುಡ್ಡ, ಎರಡೂ ಬಿಸಿಲಿನ ಝಳದಲ್ಲಿ ಅಲುಗಾಡುವಂತೆ ತೋರುತ್ತವೆ.

ಕೆಲವು ವರ್ಷಗಳ ಹಿಂದೆ ಅಂಥದೊಂದು ಮಧ್ಯಾಹ್ನ, ಹುಬ್ಬಳ್ಳಿಯ ಆಸ್ಪತ್ರೆಯಿಂದ ಮನೆಗೆ ಕಳುಹಿಸಿದ ನನ್ನ ಅಕ್ಕನವರನ್ನು ಕರೆದುಕೊಂಡು ಈ ದಾರಿಯಲ್ಲಿ ಹೊರಟೆವು. ಅವರಿಗಾಗ ಎಂಬತ್ತು ದಾಟಿತ್ತು. ಉಷ್ಣ ತಗಲದಂತೆ ನೋಡಿಕೊಳ್ಳಿರೆಂದು ವೈದ್ಯರು ಎಚ್ಚರಿಸಿದ್ದರು. ಕಾರು ನಡೆಸುತ್ತಿದ್ದವನು ಅವರ ಮಗ. ಕೊಣ್ಣೂರಿನ ಬಳಿ ಮಲಪ್ರಭೆಯ ಸೇತುವೆ ದಾಟುವಾಗಲೂ ಒಳಗೆ ಹಿತವಾದ ತಂಪಿತ್ತು, ಅಕ್ಕನವರು ನಿದ್ರಿಸುತ್ತಿದ್ದರು.

ಬಾಗಲಕೋಟೆಯ ಸಮೀಪ ರೈಲು ಗೇಟು ಹಾಕಿತ್ತು. ಕಾರು ನಿಂತ ನಾಲ್ಕೈದು ನಿಮಿಷಗಳಲ್ಲಿ ತಂಪು ಮಾಯವಾಗಿ ಬೆಚ್ಚನೆಯ ಗಾಳಿ ಬೀಸತೊಡಗಿತು. ಅಕ್ಕನವರ ಮುಖ ಕೆಂಪೇರಿತು. “ಮಾಮಾ, ಗ್ಯಾಸ್ ತುಂಬಿಸಿ ತಿಂಗಳೂ ಆಗಿಲ್ಲರಿ” ಎಂದು ಅಳಿಯ ಕಂಗಾಲಾದ. ಅವರನ್ನು ಬೇವಿನ ಮರದ ನೆರಳಿಗಿಳಿಸಿ, ಒದ್ದೆ ವಸ್ತ್ರದಿಂದ ಮುಖ ಕೈ ಒರೆಸುತ್ತ ಗೂಡ್ಸ್ ಗಾಡಿಯ ಡಬ್ಬಿಗಳನ್ನೆಣಿಸಿದೆವು. ಗೇಟು ತೆರೆದು ಕಾರು ಓಡತೊಡಗಿದೊಡನೆ ತಂಪು ತಾನಾಗಿಯೇ ಮರಳಿತು!

ಆಲಮಟ್ಟಿಯ ಹಿನ್ನೀರಿನಿಂದ ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರದಲ್ಲಿ ಅಕ್ಕನವರ ಮನೆ. ಅವರನ್ನು ಅಲ್ಲಿ ಮಲಗಿಸಿ, ಸಂಜೆ ಪರಿಚಿತ ಮೇಸ್ತ್ರಿಯೊಬ್ಬನ ಬಳಿ ಹೋದೆವು. ವೃತ್ತಾಂತ ಕೇಳಿದವನೇ, “ಅಜ್ಜಾರ, ಇದಕ್ಕ ಗ್ಯಾಸ್ ಬ್ಯಾಡ್ರಿ, ಗಾಳಿ ಬೇಕ್ರಿ” ಎಂದ.

ಅವನು ವಿವರಿಸಿದ್ದಿಷ್ಟು. ಕಾರಿನೊಳಗಿನ ಶಾಖವನ್ನು ಅನಿಲವು ಹೊತ್ತು ತಂದು, ಮುಂಭಾಗದ ಕಂಡೆನ್ಸರ್ ಎಂಬ ಜಾಲರಿಯಲ್ಲಿ ಹೊರಗೆ ಬಿಡುತ್ತದೆ. ಕಾರು ಓಡುವಾಗ ಎದುರುಗಾಳಿಯೇ ಆ ಶಾಖವನ್ನು ಒಯ್ಯುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಜೊತೆಗೆ, ಎಂಜಿನ್ ನಿಧಾನವಾಗುವುದರಿಂದ ಅದರ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಕೂಡ ಮಂದವಾಗುತ್ತದೆ. ಆದ್ದರಿಂದ ನಿಂತ ಕಾರಿನಲ್ಲಿ ತಂಪು ತುಸು ತಗ್ಗುವುದು ಸಹಜ. ಪೂರಾ ಹೋಗುವುದು ದೋಷ.

ಎಂಜಿನ್ ಮತ್ತು ಏಸಿ ಚಾಲೂ ಮಾಡಿ ಬಾನೆಟ್ ಎತ್ತಿಸಿದ. ಕಂಡೆನ್ಸರಿನ ಫ್ಯಾನು ತಿರುಗುತ್ತಲೇ ಇರಲಿಲ್ಲ. ಒಂದು ತಂಬಿಗೆ ನೀರನ್ನು ಜಾಲರಿಯ ಮೇಲೆ ಸುರಿದ. ಕ್ಷಣಾರ್ಧದಲ್ಲಿ ಒಳಗೆ ತಂಪುಗಾಳಿ ಬಂತು. ನೀರು ಆರಿದೊಡನೆ ಮತ್ತೆ ಬಿಸಿ. ತರ್ಕಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕಗಳನ್ನು ವರ್ಷಗಟ್ಟಲೆ ಓದಿದ ನನಗೆ ಇಷ್ಟು ಚೊಕ್ಕ ಉದಾಹರಣೆ ಹಿಂದೆ ದೊರೆತಿರಲಿಲ್ಲ.

ಬಳಿಕ ಫ್ಯೂಸ್ ನೋಡಿದ, ಸರಿಯಿತ್ತು. ಫ್ಯಾನಿನ ರಿಲೇ ಇದ್ದೆಡೆ ಅದೇ ಬಗೆಯ ಹಾರ್ನಿನ ರಿಲೇ ಹಾಕಿದ, ಫ್ಯಾನು ಕದಲಲಿಲ್ಲ. ಬ್ಯಾಟರಿಯಿಂದ ನೇರವಾಗಿ ವಿದ್ಯುತ್ ಕೊಟ್ಟರೂ ಮೋಟಾರು ಸುಮ್ಮನಿತ್ತು. ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದಾಗ ಎರಡು ಸುತ್ತು ತಿರುಗಿ ನಿಂತಿತು. ಒಳಗಿನ ಕಾರ್ಬನ್ ಬ್ರಶ್ಶುಗಳು ಸವೆದಿದ್ದವು. ಜಾಲರಿಯ ಸಂದುಗಳಲ್ಲಿ ಎರೆಮಣ್ಣಿನ ಧೂಳೂ ಅರಳೆಯ ಎಳೆಗಳೂ ಕೂಡಿ ಕಂಬಳಿಯಂತೆ ಹೆಪ್ಪುಗಟ್ಟಿದ್ದವು. ಹರಿತವಾದ ಧಾರೆಯಿಂದ ರೆಕ್ಕೆಗಳು ಮಡಚುತ್ತವೆಂದು ಮೆಲ್ಲನೆ ನೀರು ಬಿಟ್ಟು ತೊಳೆದ. ಹೊಸ ಮೋಟಾರು ಕೂಡಿಸಿದ ಮೇಲೆ ಒತ್ತಡ ಅಳೆದು, ಹೆಚ್ಚಾಗಿ ತುಂಬಿದ್ದ ಅನಿಲವನ್ನು ಯಂತ್ರದಿಂದ ಹಿಂದಕ್ಕೆ ಸೆಳೆದ. ಗ್ಯಾಸ್ ಅಳತೆ ಮೀರಿದರೂ ನಿಂತಾಗ ತಂಪು ಕೆಡುತ್ತದಂತೆ. ಹಿಂದಿನ ಅಂಗಡಿಯವರು ಫ್ಯಾನಿನತ್ತ ನೋಡದೆಯೇ ಹಣ ಪಡೆದಿದ್ದರೆಂಬುದು ಅಳಿಯನಿಗೆ ಆಗ ತಿಳಿಯಿತು.

ಮನೆಯಲ್ಲಿ ಕಾರುಳ್ಳವರಿಗೆ ಅವನು ಹೇಳಿದ ಎರಡು ಎಚ್ಚರಿಕೆಗಳನ್ನು ತಿಳಿಸುವುದು ಯುಕ್ತ. ಕೆಲವು ಕಾರುಗಳಲ್ಲಿ ರೇಡಿಯೇಟರಿಗೂ ಕಂಡೆನ್ಸರಿಗೂ ಒಂದೇ ಫ್ಯಾನು. ಅಂಥವುಗಳಲ್ಲಿ ತಂಪು ಹೋದಾಗ ಎಂಜಿನ್ ಶಾಖದ ಮುಳ್ಳೂ ಮೇಲೇರಿದರೆ ಕೂಡಲೇ ಎಂಜಿನ್ ಆರಿಸಬೇಕು. ಎಂಜಿನ್ ಆರಿದ್ದರೂ ಫ್ಯಾನು ತಾನಾಗಿಯೇ ತಿರುಗಬಹುದಾದ್ದರಿಂದ ಅಲ್ಲಿ ಕೈಯಿಡಬಾರದು.

ಮರುತಿಂಗಳು ತಪಾಸಣೆಗೆಂದು ಅಕ್ಕನವರನ್ನು ಮತ್ತೆ ಹುಬ್ಬಳ್ಳಿಗೆ ಕರೆದೊಯ್ದೆವು. ಅದೇ ಗೇಟು ಹಾಕಿತ್ತು. ಈ ಸಲ ಎರಡು ಗಾಡಿಗಳಿಗಾಗಿ ಕಾಯಬೇಕಾಯಿತು. ಎರಡನೆಯದು ಹಾಯುವ ಹೊತ್ತಿಗೆ ಅಕ್ಕನವರು, “ತಮ್ಮಾ, ಆ ಶಾಲು ಒಂದೀಟು ಕೊಡು” ಎಂದರು.