ರಕ್ತ ಕೊಟ್ಟೋರು ನಾವು, ರಿಸರ್ಚ್ ಮಾಡೋರು ಯಾರು? (ಭಾಗ 6)

ಶ್ರೀನಿವಾಸಪುರದ ಕಡೆಯವರಿಗೆ ಇದು ಗೊತ್ತಿರಬಹುದು. ಊರಿಗೆ ಬಂದು, 45 ದಾಟಿದವರನ್ನ ಕರ್ಕೊಂಡು ಹೋಗಿ, ರಕ್ತ ತಗೊಂಡು, ನೆನಪಿನ ಪರೀಕ್ಷೆ ಮಾಡ್ತಾರಲ್ಲ, ಅದು. ನಮ್ಮಜ್ಜಿನೂ ಹೋಗಿದ್ರು. ವಾಪಸ್ ಬಂದು ಹೇಳಿದ್ದು: "ಮರೆವು ಇದೆಯಾ ಅಂತ ನನ್ನ ನೋಡಿದ್ರು. ಮರೆವು ಇರೋದು ನಿಮ್ಮ ತಾತಂಗೆ!"

ಅದು ಸ್ಯಾನ್ಸ್‌ಕಾಗ್ ಅಧ್ಯಯನ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರೋ ಸೆಂಟರ್ ಫಾರ್ ಬ್ರೈನ್ ರಿಸರ್ಚ್ 2018ರಲ್ಲಿ ಶುರು ಮಾಡಿದ್ದು. ಈ ತಾಲ್ಲೂಕಿನ ಹಳ್ಳಿಗಳ 10,000 ಜನರನ್ನ ವರ್ಷಗಟ್ಟಲೆ ಗಮನಿಸಿ, ವಯಸ್ಸಾದಾಗ ಮರೆವಿನ ಕಾಯಿಲೆ ಯಾರಿಗೆ, ಯಾಕೆ ಬರುತ್ತೆ ಅಂತ ತಿಳಿಯೋ ಗುರಿ.

ನಾನು ಆಗ ಕೋಲಾರದಲ್ಲಿ ಎಂಎಸ್ಸಿ. ಇಂಥ ಕೆಲಸಕ್ಕೆ ಸಂಬಳ ಥರ ದುಡ್ಡು ಬರುತ್ತೆ ಅನ್ನೋದೇ ಗೊತ್ತಿರಲಿಲ್ಲ. ಪಿಎಚ್‌ಡಿ ಅಂದ್ರೆ ಇನ್ನೈದು ವರ್ಷ ಫೀಸು ಅಂತ್ಲೇ ಅಂದ್ಕೊಂಡಿದ್ದೆ. ಅಪ್ಪನಿಗೆ ಹೇಳಿದಾಗ ಅವರೂ ಕೇಳಿದ್ದು ಅದೇ: "ಎಷ್ಟು ಕಟ್ಟಬೇಕಮ್ಮ?" ಅವರೇ ಕೊಡ್ತಾರೆ ಅಂದ್ರೆ ನಂಬಲಿಲ್ಲ. ಮಾವಿನ ಫಸಲಿಗೇ ಸರಿಯಾಗಿ ದುಡ್ಡು ಬರದಿರೋವಾಗ ಓದೋಕೆ ಯಾರು ಕೊಡ್ತಾರೆ?

ಕೊಡ್ತಾರೆ. ಸಿಎಸ್‌ಐಆರ್ ನೆಟ್ ಜೀವವಿಜ್ಞಾನದಲ್ಲಿ ಜೆಆರ್‌ಎಫ್ ಸಿಕ್ರೆ, 2023ರ ದರದ ಪ್ರಕಾರ ತಿಂಗಳಿಗೆ ₹37,000. ಎರಡು ವರ್ಷ ಆದ್ಮೇಲೆ ಕೆಲಸ ಪರಿಶೀಲಿಸಿ ₹42,000. ಹಾಸ್ಟೆಲ್ ಇಲ್ಲದಿದ್ರೆ ಮನೆ ಬಾಡಿಗೆ ಭತ್ಯೆ ಬೇರೆ. ಡಿಬಿಟಿಯ ಬೆಟ್ ಪರೀಕ್ಷೆ ಇನ್ನೊಂದು ದಾರಿ.

ಆದ್ರೆ ಇಲ್ಲೊಂದು ಗುಂಡಿ ಇದೆ, ನಾನು ಬಿದ್ದಿದ್ದೀನಿ. ಮೊದಲ ಸಲ ನೆಟ್ ಪಾಸಾದೆ. ಮನೇಲಿ ಸ್ವೀಟ್ ಹಂಚಿದ್ರು. ಆಮೇಲೆ ನೋಡಿದ್ರೆ ಜೆಆರ್‌ಎಫ್ ಪಟ್ಟಿಯಲ್ಲಿ ನಾನಿಲ್ಲ. ಬರೀ ಪಾಸಾದ್ರೆ ಅಧ್ಯಾಪಕ ಹುದ್ದೆಗೆ ಅರ್ಹತೆ, ಫೆಲೋಶಿಪ್ ದುಡ್ಡಲ್ಲ. ಈಗಂತೂ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅನ್ನೋ ಮೂರನೇ ಪಟ್ಟಿನೂ ಇದೆ. ರಿಸಲ್ಟಲ್ಲಿ ಯಾವ ಸಾಲು ಅಂತ ಎರಡು ಸಲ ಓದಿ. ಹಾಗೇ "ಪ್ರಾಜೆಕ್ಟ್ ಜೆಆರ್‌ಎಫ್" ಅಂತ ಜಾಹೀರಾತು ಬಂದ್ರೆ, ಪಿಎಚ್‌ಡಿ ನೋಂದಣಿಗೆ ಅವಕಾಶ ಇದೆಯಾ, ಪ್ರಾಜೆಕ್ಟ್ ಯಾವಾಗ ಮುಗಿಯುತ್ತೆ, ಸೇರೋ ಮೊದಲೇ ಕೇಳಿ. ಕೇಳೋದ್ರಲ್ಲಿ ಸಂಕೋಚ ಏನಿಲ್ಲ.

ಇನ್ನು ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. 200 ಅಂಕದಲ್ಲಿ 100 ಪಾರ್ಟ್ ಸಿಗೇ, ತಪ್ಪಿಗೆ ಅಂಕ ಕಡಿತ. ಕನ್ನಡ ಮೀಡಿಯಂನಿಂದ ಬಂದ ನನಗೆ ಪ್ರಶ್ನೆ ಅರ್ಥ ಮಾಡ್ಕೊಳ್ಳೋಕೇ ಅರ್ಧ ಟೈಮ್ ಹೋಗ್ತಿತ್ತು.

ಮೂರನೇ ವರ್ಷ ಬೇರೊಂದು ಫೆಲೋಶಿಪ್ ಸಿಕ್ತು. ಇಂಟರ್‌ವ್ಯೂನಲ್ಲಿ ಯಾಕೆ ರಿಸರ್ಚ್ ಅಂದ್ರು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯ್ತು. ಮುಳಬಾಗಿಲಲ್ಲಿ ಬೋರ್‌ವೆಲ್ಲಿನ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ ನನ್ನ ಚಿಕ್ಕಮ್ಮನ ಮಕ್ಕಳ ಬಗ್ಗೆ ಹೇಳಿದೆ. ಇಪ್ಪತ್ತು ನಿಮಿಷ ಅದನ್ನೇ ಕೇಳಿದ್ರು.

ಸೇರಿದ್ಮೇಲೆ ಐದು ತಿಂಗಳು ಸ್ಟೈಪೆಂಡ್ ಬರಲಿಲ್ಲ. ಇದನ್ನ ಯಾರೂ ಮುಂಚೆ ಹೇಳಲ್ಲ, ಅದಕ್ಕೇ ನಾನು ಹೇಳ್ತಿದ್ದೀನಿ: ಕೈಯಲ್ಲಿ ಸ್ವಲ್ಪ ದುಡ್ಡಿಟ್ಕೊಂಡು ಹೋಗಿ. ನಾನು ಮಾಲೂರಲ್ಲಿ ಅತ್ತೆ ಮನೇಲಿದ್ದು ದಿನಾ ಟ್ರೈನಲ್ಲಿ ಲ್ಯಾಬಿಗೆ ಹೋಗ್ತಿದ್ದೆ. ಮೊದಲ ದುಡ್ಡು ಬಂದ ದಿನ ಅಪ್ಪನಿಗೆ ಬ್ಯಾಂಕ್ ಮೆಸೇಜ್ ಕಳಿಸಿದೆ. ಫೋನ್ ಮಾಡಿ ಕೇಳಿದ್ರು: "ವಾಪಸ್ ಕೊಡೋದೇನೂ ಇಲ್ಲ ತಾನೆ?"

ಮುಂದಿನ ಭಾಗ: ಪಾರ್ಟ್ ಸಿ ಹೇಗೆ ಓದಿದೆ. ಕೋಲಾರ ಕಡೆ ಎಂಎಸ್ಸಿ ಮಾಡ್ತಿರೋರು ಮೆಸೇಜ್ ಮಾಡಿ, ನನ್ನ ನೋಟ್ಸ್ ಕಳಿಸ್ತೀನಿ.