ಊರು ಬಿಡದ ಪ್ಲೂಟಾರ್ಕ್

ಗ್ರೀಸ್ ದೇಶದ ಬಿಯೋಷಿಯಾ ಪ್ರಾಂತ್ಯದಲ್ಲಿರುವ ಕೈರೋನಿಯಾ ಇಂದು ಒಂದು ಪುಟ್ಟ ಹಳ್ಳಿ. ಇತಿಹಾಸದ ಪಾಠ ಮಾಡುವಾಗ ನನಗೆ ಅದೊಂದು ಇಸವಿ ಮಾತ್ರವಾಗಿತ್ತು: ಕ್ರಿ.ಪೂ. 338ರಲ್ಲಿ ಮ್ಯಾಸಿಡೋನಿಯಾದ ಎರಡನೆಯ ಫಿಲಿಪ್ ಅಥೆನ್ಸ್ ಮತ್ತು ಥೀಬ್ಸ್ ಸೇನೆಗಳನ್ನು ಸೋಲಿಸಿದ ರಣರಂಗ. ಅಲ್ಲಿ ಮಡಿದವರ ನೆನಪಿಗೆಂದು ನಿಲ್ಲಿಸಿದ ಕಲ್ಲಿನ ಸಿಂಹದ ಆವರಣವನ್ನು 1879ರಲ್ಲಿ ಅಗೆದಾಗ 254 ಅಸ್ಥಿಪಂಜರಗಳು ಸಾಲುಸಾಲಾಗಿ ದೊರೆತವು.

ನಿವೃತ್ತನಾದ ಮೇಲೆ ನನ್ನನ್ನು ಕಾಡಿದ್ದು ಆ ಸಿಂಹವಲ್ಲ, ಕ್ರಿ.ಶ. ಒಂದನೆಯ ಶತಮಾನದಲ್ಲಿ ಅದೇ ಊರಿನಲ್ಲಿ ಜನಿಸಿದ ಪ್ಲೂಟಾರ್ಕ್. ಅಥೆನ್ಸಿನಲ್ಲಿ ಓದಿ, ರೋಮಿನಲ್ಲಿ ಉಪನ್ಯಾಸ ನೀಡಿದ ಆತ ಹುಟ್ಟೂರಿಗೇ ಮರಳಿದ. ಚರಿತ್ರೆ ಬರೆಯುವವನಿಗೆ ಪುಸ್ತಕಗಳು ಹೇರಳವಾಗಿರುವ ಮಹಾನಗರವೇ ಬೇಕೆಂದು ಆತನೇ ಒಪ್ಪಿಕೊಂಡಿದ್ದಾನೆ. ಆದರೂ, ತನ್ನ ಊರು ಚಿಕ್ಕದು, ತಾನೂ ಹೊರಟರೆ ಇನ್ನಷ್ಟು ಚಿಕ್ಕದಾದೀತೆಂದು ಅಲ್ಲಿಯೇ ಉಳಿದುದಾಗಿ ಹೇಳುತ್ತಾನೆ. ಗ್ರೀಕ್ ಮತ್ತು ರೋಮನ್ ಮಹಾಪುರುಷರ ಜೀವನಚರಿತ್ರೆಗಳನ್ನು ಬರೆದ ಆ ಕೈ, ಊರಿನ ಕೆಲಸಕ್ಕೆ ಬಂದ ಹೆಂಚುಗಳನ್ನು ಅಳೆಯಲೂ ನಾಚಲಿಲ್ಲ.

ಊರು ಬಿಟ್ಟು ಹೆಸರಾದ ಶಿಷ್ಯರನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೊಗಳಿದ್ದೇನೆ. ಊರಿನಲ್ಲೇ ಉಳಿದವರ ಹೆಸರನ್ನು ಒಮ್ಮೆಯಾದರೂ ಹೇಳಿದ ನೆನಪಿಲ್ಲ. ಆಗ ಮುಂದಿನ ಬೆಂಚುಗಳಲ್ಲಿ ಕುಳಿತು ಕೇಳಿದವರಲ್ಲಿ ಹೆಚ್ಚಿನವರು ಇಂದು ಊರಿನಲ್ಲಿಲ್ಲ.